ಪೀಠದ ಬಳಿ ಅಮ್ಮನ ಸ್ಮರಣೆ: ಸಂತ ಮೋನಿಕಮ್ಮನವರ ಹಬ್ಬದ ಚಿಂತನೆ



ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ತೀರಿಕೊಂಡರು. ಅಂತ್ಯಕ್ರಿಯೆಯ ಹಿಂದಿನ ರಾತ್ರಿ ಅವರ ಮನೆಗೆ ಹೋಗಿ ಜಪಸರ ಮುಗಿಸಿದ ಮೇಲೆ, ಮರುದಿನದ ಪ್ರಬೋಧನೆಗೆ ನಾಲ್ಕು ವಿಷಯ ತಿಳಿದುಕೊಳ್ಳೋಣವೆಂದು ಹಿರಿಯ ಮಗನನ್ನು ಹತ್ತಿರ ಕರೆದು, "ಅಮ್ಮ ಏನು ಮಾಡುತ್ತಿದ್ದರು?" ಎಂದು ಕೇಳಿದೆ. ಅವರು ಕ್ಷಣಕಾಲ ಯೋಚಿಸಿ, "ಏನೂ ಇಲ್ಲ ಫಾದರ್, ಮನೆಯಲ್ಲೇ ಇದ್ದರು. ದಿನಾ ಪೂಜೆಗೆ ಬರುತ್ತಿದ್ದರಲ್ಲ, ನಿಮಗೇ ಗೊತ್ತು" ಎಂದರು. ಆ ಮಾತಿನಲ್ಲಿ ಅಗೌರವವೇನೂ ಇರಲಿಲ್ಲ. ಅತ್ತು ಅತ್ತು ಅವರ ಕಣ್ಣು ಕೆಂಪಾಗಿದ್ದವು. ಆದರೂ "ಏನೂ ಇಲ್ಲ" ಎಂಬ ಆ ಎರಡು ಪದಗಳು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟವು.

ಹಾಗೆ ನೋಡಿದರೆ ನನಗಾದರೂ ಅವರ ಬಗ್ಗೆ ಏನು ಗೊತ್ತಿತ್ತು? ಬೆಳಗಿನ ಪೂಜೆಗೆ ಎಡಗಡೆಯ ಮೂರನೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಪರಮಪ್ರಸಾದ ಸ್ವೀಕರಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿರುತ್ತಿದ್ದರು. ಕಡೆಯ ಆಶೀರ್ವಾದವಾದ ಕೂಡಲೇ ಸೆರಗು ಸರಿಮಾಡಿಕೊಂಡು ಮನೆಯ ಕಡೆ ಬೇಗಬೇಗ ನಡೆಯುತ್ತಿದ್ದರು. ಇಷ್ಟೇ. ಮರುದಿನ ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ. ಅವರು ತ್ಯಾಗಮಯಿ, ಸಹನಾಮೂರ್ತಿ, ಎಂದೂ ಯಾರ ಮನಸ್ಸನ್ನೂ ನೋಯಿಸಿದವರಲ್ಲ, ಈಗಾಗಲೇ ಸ್ವರ್ಗ ಸೇರಿದ್ದಾರೆ ಎಂದೆ. ಆ ಪ್ರಬೋಧನೆಯಲ್ಲಿ ಹೆಸರೊಂದನ್ನು ಬದಲಾಯಿಸಿದ್ದರೆ ಯಾವ ತಾಯಿಗೆ ಬೇಕಾದರೂ ಹೊಂದುತ್ತಿತ್ತು.

ತಿಂಗಳ ಪೂಜೆಗೆ ಹೆಸರು ಬರೆಸಲು ಅವರ ಸೊಸೆ ಕಾರ್ಯಾಲಯಕ್ಕೆ ಬಂದರು. ಬರೆಸಿದ ಮೇಲೂ ಹೋಗದೆ ನಿಂತಿದ್ದರು. ಆಮೇಲೆ ಮೆಲ್ಲಗೆ, "ಫಾದರ್, ಅತ್ತೆ ಯಾರ ಮನಸ್ಸನ್ನೂ ನೋಯಿಸಿದವರಲ್ಲ ಅಂತ ಅವತ್ತು ಹೇಳಿದಿರಿ. ನನ್ನ ಮನಸ್ಸನ್ನು ತುಂಬಾ ನೋಯಿಸಿದ್ದರು. ನನ್ನ ಎರಡು ಬಾಣಂತನ ಮಾಡಿದವರೂ ಅವರೇ. ಈ ಎರಡನ್ನೂ ನಾನು ಎಲ್ಲಿ ಇಟ್ಟುಕೊಳ್ಳಲಿ?" ಎಂದರು. ಆ ಹೊತ್ತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಪ್ರಾರ್ಥನೆ ಮಾಡಮ್ಮ ಎಂದು ಹೇಳಿ ಕಳುಹಿಸಿದೆ. ಅವರ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಅದು ಅವರೊಬ್ಬರ ಪ್ರಶ್ನೆಯಲ್ಲ. ಅಗಲಿದ ತಾಯಿಯನ್ನು ಪ್ರೀತಿಯಿಂದಲೂ ಸತ್ಯದಿಂದಲೂ ನೆನೆಯುವುದು ಹೇಗೆ ಎಂಬುದು ನಮ್ಮ ಪ್ರತಿಯೊಂದು ಮನೆಯ ಪ್ರಶ್ನೆ. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಆಗಸ್ಟ್ 27ರಂದು ನಾವು ಹಬ್ಬ ಆಚರಿಸುವ ಸಂತ ಮೋನಿಕಮ್ಮನವರಲ್ಲಿ ಮತ್ತು ಅವರನ್ನು ನೆನೆದು ಬರೆದ ಅವರ ಮಗ ಸಂತ ಅಗಸ್ಟೀನರಲ್ಲಿ.

ಯಾರು ಈ ಮೋನಿಕಮ್ಮ?

ಮೋನಿಕಮ್ಮನವರು ಹುಟ್ಟಿದ್ದು ಸುಮಾರು 331ರಲ್ಲಿ, ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಪಟ್ಟಣದ ಸೀಮೆಯಲ್ಲಿ. ಇಂದು ಅದು ಅಲ್ಜೀರಿಯ ದೇಶದ ಸೂಕ್ ಅಹ್ರಾಸ್. ಅವರದು ಕ್ರೈಸ್ತ ಕುಟುಂಬ. ಕೈಹಿಡಿದ ಪ್ಯಾಟ್ರಿಷಿಯಸ್ ಕ್ರೈಸ್ತನಲ್ಲ. ಅಲ್ಪ ಸ್ವಲ್ಪ ಜಮೀನಿದ್ದ, ಪಟ್ಟಣದ ಆಡಳಿತದಲ್ಲಿ ಸ್ಥಾನವಿದ್ದ ಗೃಹಸ್ಥ ಆತ. ಉದಾರಿಯೇ ಆದರೂ ಮುಂಗೋಪಿ, ಹೆಂಡತಿಗೆ ನಿಷ್ಠನಾಗಿಯೂ ಇರಲಿಲ್ಲ. ಮನೆಯಲ್ಲಿ ಅತ್ತೆ ಇದ್ದರು. ಸೇವಕಿಯರ ಚಾಡಿ ಮಾತು ಕೇಳಿ ಆ ಅತ್ತೆ ಮೊದಮೊದಲು ಸೊಸೆಯನ್ನು ಕಂಡರೆ ಉರಿದುಬೀಳುತ್ತಿದ್ದರು. ಅವರ ಮಕ್ಕಳಲ್ಲಿ ಅಗಸ್ಟೀನ್, ನಾವಿಜಿಯಸ್ ಮತ್ತು ಒಬ್ಬ ಮಗಳು ನಮಗೆ ತಿಳಿದವರು. ಅಗಸ್ಟೀನರು ಹುಟ್ಟಿದ್ದು 354ರ ನವೆಂಬರ್ 13ರಂದು.

ಮೋನಿಕಮ್ಮನವರು ಮಠ ಸ್ಥಾಪಿಸಲಿಲ್ಲ, ಗ್ರಂಥ ಬರೆಯಲಿಲ್ಲ, ರಕ್ತಸಾಕ್ಷಿಯಾಗಿ ಮಡಿಯಲಿಲ್ಲ. ಮನೆ ನಡೆಸಿದರು, ಮಕ್ಕಳನ್ನು ಸಾಕಿದರು, ಜಗಳವಾಡಿದವರನ್ನು ಒಂದುಗೂಡಿಸಿದರು, ಬೆಳಿಗ್ಗೆಯೂ ಸಂಜೆಯೂ ತಪ್ಪದೆ ದೇವಾಲಯಕ್ಕೆ ಹೋದರು. ನಮ್ಮ ಲೆಕ್ಕದಲ್ಲಿ "ಏನೂ ಇಲ್ಲ, ಮನೆಯಲ್ಲೇ ಇದ್ದರು". ಹದಿನಾರು ಶತಮಾನಗಳ ನಂತರವೂ ಲೋಕದಾದ್ಯಂತ ಧರ್ಮಸಭೆ ಅವರನ್ನು ನೆನೆಯುತ್ತಿರುವುದಕ್ಕೆ ಕಾರಣ, ಅವರು ತೀರಿಕೊಂಡ ಸುಮಾರು ಹತ್ತು ವರ್ಷಗಳ ಮೇಲೆ, ಹಿಪ್ಪೊ ನಗರದ ಧರ್ಮಾಧ್ಯಕ್ಷರಾಗಿದ್ದ ಮಗ ತಮ್ಮ 'ಕನ್ಫೆಷನ್ಸ್' ಗ್ರಂಥದಲ್ಲಿ ಅವರ ವಿಷಯ ಬರೆದದ್ದು. ಅದರ ಒಂಬತ್ತನೆಯ ಭಾಗದ ದೊಡ್ಡ ಪಾಲು ತಾಯಿಯ ಸ್ಮರಣೆ. ಇಷ್ಟು ಬರೆದ ಮಗ ಇಡೀ ಗ್ರಂಥದಲ್ಲಿ ತಾಯಿಯ ಹೆಸರನ್ನು ಹೇಳುವುದು ಒಂದೇ ಒಂದು ಸಲ. ಅದು ಎಲ್ಲಿ, ಏಕೆ ಎಂಬುದನ್ನು ಮುಂದೆ ನೋಡೋಣ.

ಬಚ್ಚಿಡದ ಪ್ರೀತಿ

ತಾಯಿಯ ಸ್ಮರಣೆಯನ್ನು ಅಗಸ್ಟೀನರು ಎಲ್ಲಿಂದ ಆರಂಭಿಸುತ್ತಾರೆ ಗೊತ್ತೇ? ತಾಯಿ ಬಾಲ್ಯದಲ್ಲಿ ಮಾಡಿದ ಒಂದು ತಪ್ಪಿನಿಂದ. ಚಿಕ್ಕ ಹುಡುಗಿಯಾಗಿದ್ದಾಗ ಮನೆಯವರು ಆಕೆಯನ್ನು ಪೀಪಾಯಿಯಿಂದ ದ್ರಾಕ್ಷಾರಸ ತರಲು ಕಳುಹಿಸುತ್ತಿದ್ದರು. ಹುಡುಗಾಟಕ್ಕೆ ಮೊದಲು ತುಟಿಗೆ ಒಂದು ಹನಿ ತಾಗಿಸಿದಳು, ಮರುದಿನ ಇನ್ನೊಂದು ಹನಿ. ಹೀಗೆ ಹನಿ ಹನಿಯಾಗಿ ಬೆಳೆದ ಚಟ ಬಟ್ಟಲು ತುಂಬ ಕುಡಿಯುವವರೆಗೆ ಬಂತು. ಒಂದು ದಿನ ಜೊತೆಗೆ ಹೋಗುತ್ತಿದ್ದ ದಾಸಿ ಹುಡುಗಿ ಜಗಳದಲ್ಲಿ ಆಕೆಯನ್ನು ಕುಡುಕಿ ಎಂದು ಮೂದಲಿಸಿದಳು. ಆ ಮಾತು ಚುಚ್ಚಿತು. ಅಂದೇ ಚಟ ಬಿಟ್ಟುಹೋಯಿತು. ಇದನ್ನು ಮಗನಿಗೆ ಹೇಳಿದವರು ಸ್ವತಃ ತಾಯಿಯೇ.

ಎಂಥ ಮನೆ ಅದು, ಯೋಚಿಸಿ ನೋಡಿ! ತಾಯಿ ತನ್ನ ತಪ್ಪನ್ನು ಮಗನ ಮುಂದೆ ನಾಚಿಕೆಯಿಲ್ಲದೆ ಹೇಳುತ್ತಾಳೆ. ಧರ್ಮಾಧ್ಯಕ್ಷನಾದ ಮಗ ಅದನ್ನು ಲೋಕದ ಮುಂದೆ ಹೇಳುತ್ತಾನೆ. ಇದರಿಂದ ತಾಯಿ ಸಣ್ಣವಳಾಗಲಿಲ್ಲ. ಜಗಳಗಂಟಿ ಹುಡುಗಿಯೊಬ್ಬಳ ಬೈಗುಳವನ್ನೂ ದೇವರು ಔಷಧಿಯಾಗಿ ಬಳಸಬಲ್ಲರು ಎಂಬುದು ನಮಗೆ ತಿಳಿಯಿತು.

ಇನ್ನೊಂದು ಕಷ್ಟದ ಸಂಗತಿಯೂ ಇದೆ. ಅಗಸ್ಟೀನರು ಕಾರ್ತೇಜಿನಲ್ಲಿ ಓದುತ್ತಿದ್ದ ಕಾಲದಿಂದ ಒಬ್ಬ ಹೆಣ್ಣಿನೊಡನೆ ಮದುವೆಯಿಲ್ಲದೆ ಸಂಸಾರ ಮಾಡುತ್ತಿದ್ದರು. ಅವರಿಗೆ ಅದಿಯೊದಾತ್ ಎಂಬ ಮಗನೂ ಇದ್ದ. ಮಗನಿಗೆ ಒಳ್ಳೆಯ ಮನೆತನದ ಹೆಣ್ಣು ತಂದು ಮದುವೆ ಮಾಡಬೇಕೆಂದು ಮೋನಿಕಮ್ಮ ಮಿಲಾನಿನಲ್ಲಿ ಬಹಳ ಓಡಾಡಿದರು. ನಿಶ್ಚಯವಾದ ಹುಡುಗಿಗೆ ಮದುವೆಯ ವಯಸ್ಸಾಗಲು ಇನ್ನೂ ಎರಡು ವರ್ಷ ಬೇಕಿತ್ತು. ಆ ಮದುವೆಗೆ ಅಡ್ಡಿಯೆಂದು, ಅಷ್ಟು ವರ್ಷ ಜೊತೆಗಿದ್ದವಳನ್ನು ಆಫ್ರಿಕಕ್ಕೆ ಕಳುಹಿಸಿಬಿಟ್ಟರು. ಆಕೆ ಮಗನನ್ನು ಬಿಟ್ಟು ಒಬ್ಬಳೇ ಹೋದಳು. ಆಕೆಯ ಹೆಸರೂ ನಮಗೆ ತಿಳಿಯದು. ಆ ಅಗಲಿಕೆಯಲ್ಲಿ ತಮ್ಮ ಹೃದಯ ಹರಿದು ರಕ್ತ ಸುರಿಯಿತೆಂಬ ಅರ್ಥದಲ್ಲಿ ಅಗಸ್ಟೀನರು ಬರೆದಿದ್ದಾರೆ. ಕೊನೆಗೆ ಆ ಮದುವೆಯೂ ನಡೆಯಲಿಲ್ಲ. ಮಗನ ಒಳಿತಿಗೆಂದು ತಾಯಿ ಮಾಡಿದ ಏರ್ಪಾಡಿನಿಂದ ಇನ್ನೊಬ್ಬ ತಾಯಿ ಕಣ್ಣೀರು ಹಾಕಿದಳು. ಸಂತರ ಜೀವನದಲ್ಲೂ ಇಂಥ ಪುಟಗಳಿವೆ. ಅಗಸ್ಟೀನರು ಆ ಪುಟವನ್ನು ಹರಿದು ಹಾಕಲಿಲ್ಲ.

ಸಹನೆ ಎಂದರೆ ಏಟು ತಿನ್ನುವುದಲ್ಲ

ಮೋನಿಕಮ್ಮನವರ ಹಬ್ಬದಂದು ನಮ್ಮ ಪ್ರಬೋಧನೆಗಳಲ್ಲಿ ತಪ್ಪದೆ ಬರುವ ಮಾತು ಅವರ ಸಹನೆ. ನಿಜ, ಅವರು ಅಪಾರ ಸಹನೆಯುಳ್ಳವರು. ಗಂಡ ಕೋಪದಲ್ಲಿದ್ದಾಗ ಎದುರಾಡದೆ, ಆತ ಶಾಂತನಾದ ಮೇಲೆ ತಮ್ಮ ಮಾತನ್ನು ತಿಳಿಸಿ ಹೇಳುತ್ತಿದ್ದರು. ಅತ್ತೆಯ ಮನಸ್ಸನ್ನು ಸೌಮ್ಯತೆಯಿಂದ ಗೆದ್ದರು. ಕೊನೆಗೆ ಆ ಅತ್ತೆಯೇ ಮಗನ ಬಳಿ ಚಾಡಿಕೋರರ ಮೇಲೆ ದೂರು ಹೇಳಿದರು. ಪ್ಯಾಟ್ರಿಷಿಯಸ್ ಸಹ ಸಾಯುವ ಮುನ್ನ, ಸುಮಾರು 370ರ ವೇಳೆಗೆ, ಜ್ಞಾನಸ್ನಾನ ಪಡೆದು ಕ್ರೈಸ್ತನಾದ.

ಆದರೆ ಈ ಕಥೆಯನ್ನು ಹಿಡಿದು, ಕುಡಿದು ಬಂದು ಹೊಡೆಯುವ ಗಂಡನನ್ನು ಮೋನಿಕಮ್ಮನಂತೆ ಸಹಿಸಿಕೊಂಡು ಹೋಗಮ್ಮ ಎಂದು ಹೇಳುವವರಿದ್ದಾರೆ. ಗುರುಗಳಾದ ನಾವೂ ಹೇಳಿದ್ದುಂಟು. ಇದನ್ನು ಸ್ಪಷ್ಟವಾಗಿ ತಿದ್ದಿಕೊಳ್ಳಬೇಕು. ಪ್ಯಾಟ್ರಿಷಿಯಸ್ ಅಷ್ಟು ಕೋಪಿಷ್ಠನಾಗಿದ್ದರೂ ಹೆಂಡತಿಯನ್ನು ಹೊಡೆದ ಗುರುತು ಎಂದೂ ಕಾಣಲಿಲ್ಲವೆಂದು ಊರಿನ ಹೆಂಗಸರು ಅಚ್ಚರಿಪಡುತ್ತಿದ್ದರಂತೆ. ಏಟು ತಿಂದ ಮುಖ ಹೊತ್ತು ಬರುತ್ತಿದ್ದ ಆ ಗೆಳತಿಯರಿಗೆ, ಮದುವೆಯ ಕರಾರಿನಿಂದ ತಾವು ದಾಸಿಯರಾದಂತೆ ಎಂದು ತಿಳಿದು ಗಂಡಂದಿರ ಎದುರು ಅಹಂಕಾರ ತೋರಬಾರದೆಂದು ಮೋನಿಕಮ್ಮ ಹೇಳುತ್ತಿದ್ದದ್ದೂ ನಿಜ. ಅದು ಹೆಂಡತಿಯನ್ನು ಗಂಡನ ಅಧೀನಳೆಂದೇ ಎಣಿಸುತ್ತಿದ್ದ ನಾಲ್ಕನೆಯ ಶತಮಾನದ ರೋಮನ್ ಸಮಾಜದ ಮಾತು. ಧರ್ಮಸಭೆ ಇಂದು ಕೊಡುವ ಬೋಧನೆ ಅದಲ್ಲ.

ಪೋಪ್ ಫ್ರಾನ್ಸಿಸ್‌ರವರು 2016ರ 'ಅಮೋರಿಸ್ ಲೆತೀತಿಯಾ' ಪ್ರೇಷಿತ ಪತ್ರದಲ್ಲಿ ಹೆಂಡತಿಯ ಮೇಲಿನ ಹಿಂಸೆ ಪುರುಷತ್ವವಲ್ಲ, ಹೇಡಿತನ ಎಂದು ಖಂಡಿಸಿದ್ದಾರೆ. ದೌರ್ಜನ್ಯದಿಂದ ಹೆಂಡತಿಯನ್ನೋ ಎಳೆಯ ಮಕ್ಕಳನ್ನೋ ಕಾಪಾಡಲು ಬೇರೆಯಾಗಿ ಇರುವುದು ಕೆಲವೊಮ್ಮೆ ನೈತಿಕವಾಗಿಯೂ ಅಗತ್ಯವಾಗಬಹುದು ಎಂದು ಅದೇ ಪತ್ರ ಹೇಳುತ್ತದೆ. ಸಂಗಾತಿಯಿಂದ ಗಂಭೀರ ಅಪಾಯವಿದ್ದರೆ ಬೇರೆ ವಾಸಿಸುವ ಹಕ್ಕನ್ನು ಧರ್ಮಸಭೆಯ ಕಾನೂನಿನ 1153ನೆಯ ವಿಧಿ ಕೊಟ್ಟಿದೆ. ನಮ್ಮ ದೇಶದಲ್ಲಿ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ ಇದೆ. ತಾಯಂದಿರೇ, ಏಟು ತಿನ್ನುತ್ತಾ ಮೌನವಾಗಿರುವುದು ಭಕ್ತಿಯಲ್ಲ. ನಿಮ್ಮ ಗುರುಗಳ ಬಳಿಗೆ ಬನ್ನಿ, ನಂಬಿಕೆಯುಳ್ಳ ಅಕ್ಕತಂಗಿಯರ ಬಳಿಗೆ ಹೋಗಿ, ಕಾನೂನಿನ ನೆರವನ್ನು ಪಡೆಯಿರಿ. ಮಕ್ಕಳೇ, ನಿಮ್ಮ ತಾಯಿ ಹಾಗೆ ಬಾಳಿ ಹೋಗಿದ್ದರೆ, ಅದನ್ನು ಸಹನೆ ಎಂಬ ಚೆಂದದ ಹೆಸರಿನಿಂದ ಮುಚ್ಚಬೇಡಿ.

ಕಣ್ಣೀರಿನ ವರ್ಷಗಳು

ಕಾರ್ತೇಜಿನಲ್ಲಿ ಅಗಸ್ಟೀನರು ಮನಿಕೇಯ ಎಂಬ ತಪ್ಪು ಪಂಥವನ್ನು ಸೇರಿ ಒಂಬತ್ತು ವರ್ಷಗಳ ಕಾಲ ಅದರ ಹಿಂದೆ ಹೋದರು. ತಾಯಿಗೆ ಮಗ ಸತ್ತಷ್ಟೇ ದುಃಖವಾಯಿತು. ಆತನೊಡನೆ ಒಂದೇ ಮನೆಯಲ್ಲಿ ಊಟ ಮಾಡುವುದಿಲ್ಲವೆಂದು ಹಟ ಹಿಡಿದರು. ಆಗ ಅವರಿಗೊಂದು ಕನಸು ಬಿತ್ತು. ಮರದ ಅಳತೆಪಟ್ಟಿಯ ಮೇಲೆ ತಾವು ನಿಂತು ಅಳುತ್ತಿದ್ದಾಗ ತೇಜಸ್ವಿ ತರುಣನೊಬ್ಬ ಬಂದು, ನೀನು ಇರುವಲ್ಲೇ ನಿನ್ನ ಮಗನೂ ಇದ್ದಾನೆ ನೋಡು ಎಂದನಂತೆ. ತಿರುಗಿ ನೋಡಿದರೆ ಅದೇ ಪಟ್ಟಿಯ ಮೇಲೆ ಅಗಸ್ಟೀನ್! ಇದನ್ನು ಕೇಳಿದ ಮಗ, ಹಾಗಾದರೆ ನೀನೇ ನನ್ನ ಕಡೆ ಬರುತ್ತೀಯ ಎಂದು ಅರ್ಥ ತಿರುಗಿಸಿದರು. ತಾಯಿ ಒಂದು ಕ್ಷಣವೂ ತಡೆಯದೆ, ಅವನಿರುವಲ್ಲಿ ನೀನು ಎಂದು ಹೇಳಲಿಲ್ಲ, ನೀನಿರುವಲ್ಲಿ ಅವನು ಎಂದೇ ಹೇಳಿದ್ದು ಎಂದುಬಿಟ್ಟರು. ಅಲಂಕಾರಶಾಸ್ತ್ರದ ಪಂಡಿತನಿಗೆ ಗೃಹಿಣಿಯೊಬ್ಬರು ಕೊಟ್ಟ ಉತ್ತರ ಅದು. ಆ ಕನಸಿಗಿಂತಲೂ ಅಮ್ಮನ ಆ ಚುರುಕು ಮಾತೇ ತಮ್ಮನ್ನು ಹೆಚ್ಚು ಅಲುಗಾಡಿಸಿತೆಂದು ಅಗಸ್ಟೀನರು ಒಪ್ಪಿಕೊಂಡಿದ್ದಾರೆ.

ಮಗನೊಡನೆ ವಾದಿಸಿ ಬುದ್ಧಿ ಹೇಳಬೇಕೆಂದು ಒಬ್ಬ ಧರ್ಮಾಧ್ಯಕ್ಷರನ್ನು ಅವರು ಕಾಡಿದರು. ಆತ ಈಗ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿಲ್ಲ, ಪ್ರಾರ್ಥಿಸು ಎಂದರು ಅವರು. ಮೋನಿಕಮ್ಮ ಬಿಡದೆ ಅತ್ತಾಗ, ಇಷ್ಟು ಕಣ್ಣೀರಿನ ಮಗ ನಾಶವಾಗಲಾರನೆಂದು ಸ್ವಲ್ಪ ಬೇಸರದಿಂದಲೇ ಹೇಳಿ ಕಳುಹಿಸಿದರು. ಆ ಮಾತನ್ನು ತಾಯಿ ಸ್ವರ್ಗದ ವಾಣಿಯೆಂದೇ ಸ್ವೀಕರಿಸಿದರು.

383ರಲ್ಲಿ ಮಗ ತಾಯಿಗೆ ಸುಳ್ಳು ಹೇಳಿ, ಅವರು ಸಂತ ಸಿಪ್ರಿಯನ್‌ರ ಸ್ಮರಣೆಯ ಗುಡಿಯಲ್ಲಿ ರಾತ್ರಿಯಿಡೀ ಪ್ರಾರ್ಥಿಸುತ್ತಿದ್ದಾಗ, ರೋಮಿಗೆ ಹಡಗು ಹತ್ತಿದರು. ಮಗ ಹೋಗದಿರಲಿ ಎಂದು ಆ ರಾತ್ರಿ ತಾಯಿ ಬೇಡಿಕೊಂಡರು. ಮಗ ಹೋದ. ಪ್ರಾರ್ಥನೆ ಸೋತಂತೆ ಕಂಡಿತು. ಆದರೆ ಆ ಪಯಣವೇ ಅವರನ್ನು ಮಿಲಾನಿಗೂ ಅಲ್ಲಿ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಬಳಿಗೂ ಒಯ್ದಿತು. ಅಂದು ಬೇಡಿದ್ದನ್ನು ಕೊಡದ ದೇವರು, ಜೀವನವಿಡೀ ಬೇಡಿದ್ದನ್ನು ಕೊಟ್ಟರು. ಕೇಳಿದ್ದು ಸಿಗಲಿಲ್ಲವೆಂದು ಜಪಸರ ಕೆಳಗಿಟ್ಟ ತಾಯಂದಿರು ಇದನ್ನು ಗಮನಿಸಬೇಕು. ಈ ಹಬ್ಬದ ಪೂಜೆಯಲ್ಲಿ ನಾಯಿನ್ ಊರಿನ ವಿಧವೆಯ ಶುಭಸಂದೇಶ ಓದುವುದೂ ಇದೇ ಕಾರಣಕ್ಕೆ. ಚಟ್ಟದ ಮೇಲಿದ್ದ ಮಗನನ್ನು ಪ್ರಭು ಯೇಸು ಎಬ್ಬಿಸಿ ತಾಯಿಯ ಕೈಗೆ ಒಪ್ಪಿಸಿದರು. ತಾಯಿ ತಮ್ಮನ್ನು ಅದೇ ರೀತಿ ಮನಸ್ಸಿನ ಚಟ್ಟದ ಮೇಲೆ ಹೊತ್ತು ದೇವರ ಮುಂದೆ ತರುತ್ತಿದ್ದರು ಎಂಬುದು ಅಗಸ್ಟೀನರ ಸ್ವಂತ ಹೋಲಿಕೆ.

ದೇವಾಲಯದ ಹಾದಿ, ಅಡಿಗೆಯ ಮನೆ

ಸಮುದ್ರ ದಾಟಿ ಮಗನ ಬೆನ್ನುಹತ್ತಿ ಮಿಲಾನಿಗೆ ಬಂದ ತಾಯಿ ಅಲ್ಲಿಯೂ ನಿತ್ಯ ದೇವಾಲಯಕ್ಕೆ ಹೋಗುತ್ತಿದ್ದರು. ಆಫ್ರಿಕದ ರೂಢಿಯಂತೆ ರಕ್ತಸಾಕ್ಷಿಗಳ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸ ಹೊತ್ತು ಹೊರಟಾಗ ಬಾಗಿಲು ಕಾಯುವವನು ತಡೆದ. ಇದನ್ನು ಧರ್ಮಾಧ್ಯಕ್ಷರು ನಿಷೇಧಿಸಿದ್ದಾರೆ ಎಂದ. ಮೋನಿಕಮ್ಮ ಮರುಮಾತಾಡದೆ ಒಪ್ಪಿದರು. ಅಂದಿನಿಂದ ಬುಟ್ಟಿಯ ಬದಲು ಪ್ರಾರ್ಥನೆ ತುಂಬಿದ ಹೃದಯ ಹೊತ್ತು ಹೋದರು, ಬಡವರಿಗೆ ಆದಷ್ಟು ಕೊಟ್ಟರು. ಶನಿವಾರ ಉಪವಾಸ ಮಾಡಬೇಕೋ ಬೇಡವೋ ಎಂದು ಅವರಿಗೆ ಅನುಮಾನ ಬಂದಾಗ, ಅಗಸ್ಟೀನರು ತಾಯಿಯ ಪರವಾಗಿ ಅಂಬ್ರೋಸರನ್ನು ಕೇಳಿದರು. ಯಾವ ಊರಿನ ಧರ್ಮಸಭೆಯಲ್ಲಿರುತ್ತೇವೋ ಅಲ್ಲಿನ ರೂಢಿಯನ್ನೇ ಅನುಸರಿಸಬೇಕು ಎಂಬುದು ಅವರ ಉತ್ತರದ ಸಾರ. ತಮಗೆ ಪ್ರಿಯವಾದ ರೂಢಿಯನ್ನೂ ಬಿಟ್ಟುಕೊಡುವ ಈ ವಿನಯ, ಭಾಷೆಗೂ ಪದ್ಧತಿಗೂ ಜಗಳವಾಡುವ ನಮ್ಮ ಧರ್ಮಕೇಂದ್ರಗಳಿಗೆ ಪಾಠವಾಗಬೇಕು.

ಹಾಗೆಂದು ಅವರು ಅಂಜುಬುರುಕರಲ್ಲ. 386ರಲ್ಲಿ ರಾಜಮಾತೆ ಜುಸ್ತೀನಾ ಏರಿಯನ್ ಪಂಥದವರಿಗಾಗಿ ಮಿಲಾನಿನ ದೇವಾಲಯವನ್ನು ಕೇಳಿದಾಗ, ಅಂಬ್ರೋಸರೊಡನೆ ಜನರು ದೇವಾಲಯದಲ್ಲೇ ಹಗಲಿರುಳು ಕಾವಲಿದ್ದರು. ಆ ಜಾಗರಣೆಯಲ್ಲಿ ಮೋನಿಕಮ್ಮ ಮುಂದಿನ ಸಾಲಿನಲ್ಲಿದ್ದರು.

ಅದೇ ವರ್ಷ ಅಗಸ್ಟೀನರ ಮನಃಪರಿವರ್ತನೆಯಾಯಿತು. ಅವರು ಆ ಸುದ್ದಿಯನ್ನು ಒಳಗೆ ಹೋಗಿ ಹೇಳಿದ್ದು ತಾಯಿಗೆ. ಬಳಿಕ ಗೆಳೆಯರೊಂದಿಗೆ ಕಸ್ಸಿಸಿಯಾಕುಮ್ ಎಂಬ ಹಳ್ಳಿಮನೆಗೆ ಹೋದಾಗ ಮೋನಿಕಮ್ಮ ಜೊತೆಗಿದ್ದು ಮನೆ ನೋಡಿಕೊಂಡರು. ಗಂಡಸರು ತತ್ತ್ವಚರ್ಚೆ ನಡೆಸುತ್ತಿದ್ದರೆ ಆಗಾಗ ಬಂದು ಅವರೂ ಮಾತು ಸೇರಿಸುತ್ತಿದ್ದರು. ಅವರ ಮಾತುಗಳನ್ನೂ ಮಗ ಬರೆಸಿದರು. ಹೆಂಗಸರ ಮಾತನ್ನು ಇಂಥ ಗ್ರಂಥಗಳಲ್ಲಿ ಬರೆಯುವುದುಂಟೇ ಎಂದು ತಾಯಿಯೇ ಅಚ್ಚರಿಪಟ್ಟರೆ, ನಿನ್ನ ಜ್ಞಾನ ನನಗೆ ಬಹಳ ಇಷ್ಟ ಎಂಬರ್ಥದಲ್ಲಿ ಮಗ ಉತ್ತರಿಸಿದರು. ಎಲ್ಲರಿಗೂ ತಾಯಿಯಂತೆ ಕಾಳಜಿ ಮಾಡಿದರು, ಎಲ್ಲರಿಗೂ ಮಗಳಂತೆ ಸೇವೆ ಮಾಡಿದರು ಎಂದು ಅವರನ್ನು ನೆನೆಯುತ್ತಾರೆ. ಮನೆಯನ್ನು ಗೃಹಧರ್ಮಸಭೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕರೆಯಿತು. ಆ ಮಾತಿಗೆ ಎಷ್ಟೋ ಶತಮಾನಗಳ ಮೊದಲೇ ಮೋನಿಕಮ್ಮ ಅದನ್ನು ಬಾಳಿ ತೋರಿಸಿದ್ದರು.

ಒಸ್ತಿಯಾದಲ್ಲಿ ಕೊನೆಯ ಮಾತು

387ರ ಪಾಸ್ಕ ಹಬ್ಬದ ರಾತ್ರಿ ಅಗಸ್ಟೀನರು, ಮಗ ಅದಿಯೊದಾತ್ ಮತ್ತು ಗೆಳೆಯ ಅಲಿಪಿಯುಸ್ ಅಂಬ್ರೋಸರಿಂದ ಜ್ಞಾನಸ್ನಾನ ಪಡೆದರು. ಅದೇ ವರ್ಷ ಊರಿಗೆ ಮರಳಲು ಎಲ್ಲರೂ ರೋಮಿನ ಬಂದರಾದ ಒಸ್ತಿಯಾಕ್ಕೆ ಬಂದರು. ಅಲ್ಲಿ ತೋಟದ ಕಡೆಗಿದ್ದ ಕಿಟಕಿಗೆ ಒರಗಿ ನಿಂತು ತಾಯಿ ಮಗ ಇಬ್ಬರೇ ನಿತ್ಯಜೀವದ ಬಗ್ಗೆ ಮಾತಾಡುತ್ತಾ ಒಂದು ಕ್ಷಣ ದೇವರ ಸಾನ್ನಿಧ್ಯದ ಸವಿಯನ್ನು ಕಂಡರು. ಈ ಲೋಕದಲ್ಲಿ ತಮಗಿನ್ನು ಯಾವ ಆಸೆಯೂ ಉಳಿದಿಲ್ಲವೆಂದು ತಾಯಿ ಅಂದೇ ಹೇಳಿದರು. ಕೆಲವೇ ದಿನಗಳಲ್ಲಿ ಜ್ವರ ಹಿಡಿಯಿತು.

ತಗಾಸ್ತೆಯಲ್ಲಿ ಗಂಡನ ಪಕ್ಕದಲ್ಲೇ ತಮ್ಮ ಸಮಾಧಿಗೂ ಅವರು ಜಾಗ ಮಾಡಿಸಿಟ್ಟಿದ್ದರು. ಪರದೇಶದಲ್ಲಿ ಸಾಯಬಾರದಿತ್ತು ಎಂದು ನಾವಿಜಿಯಸ್ ಮರುಗಿದಾಗ ತಾಯಿ ಕಣ್ಣಿನಲ್ಲೇ ಗದರಿಸಿದರು. ಈ ದೇಹವನ್ನು ಎಲ್ಲಾದರೂ ಮಣ್ಣು ಮಾಡಿ, ಅದರ ಚಿಂತೆ ಬೇಡ, ನೀವು ಎಲ್ಲೇ ಇರಿ, ಪ್ರಭುವಿನ ಪೀಠದ ಬಳಿ ಮಾತ್ರ ನನ್ನನ್ನು ನೆನೆಯಿರಿ ಎಂದು ಕೇಳಿಕೊಂಡರು. ಇಷ್ಟು ದೂರದಲ್ಲಿ ದೇಹ ಬಿಟ್ಟುಹೋಗಲು ಭಯವಿಲ್ಲವೇ ಎಂದು ಬೇರೆಯವರು ಕೇಳಿದ್ದಕ್ಕೆ, ದೇವರಿಗೆ ಯಾವುದೂ ದೂರವಲ್ಲ ಎಂಬುದು ಅವರ ಉತ್ತರ. ಕಾಯಿಲೆಯ ಒಂಬತ್ತನೆಯ ದಿನ ಪ್ರಾಣಬಿಟ್ಟರು. ಆಗ ಅವರಿಗೆ ನಡೆಯುತ್ತಿದ್ದದ್ದು 56ನೆಯ ವರ್ಷ, ಅಗಸ್ಟೀನರಿಗೆ 33ನೆಯದು.

ಅಗಸ್ಟೀನರು ಜನರ ಮುಂದೆ ಅಳು ತಡೆದುಕೊಂಡರು. ಸಮಾಧಿಯ ಪಕ್ಕದಲ್ಲಿ ದೇಹವನ್ನಿರಿಸಿ ಪೂಜೆ ಅರ್ಪಿಸಿದಾಗಲೂ ಅಳಲಿಲ್ಲ. ಸ್ನಾನ ಮಾಡಿದರು, ನಿದ್ದೆ ಮಾಡಿದರು. ಆಮೇಲೆ ಒಬ್ಬರೇ ಇದ್ದಾಗ ದೇವರ ಮುಂದೆ ಕಣ್ಣೀರಿನ ಕಟ್ಟೆಯೊಡೆಯಿತು. ತಮಗಾಗಿ ಅಷ್ಟು ವರ್ಷ ಅತ್ತ ತಾಯಿಗಾಗಿ ಸ್ವಲ್ಪ ಹೊತ್ತು ಅತ್ತದ್ದು ಪಾಪವೆಂದು ಯಾರಿಗಾದರೂ ತೋರಿದರೆ, ಅಂಥವರು ನಗದೆ ತಮ್ಮ ಪಾಪಗಳಿಗಾಗಿ ಅಳಲಿ ಎಂದು ಅವರು ಕೇಳುತ್ತಾರೆ. ವಿಶ್ವಾಸಿಗಳು ಅಳಬಾರದು ಎಂದು ಮನೆಯವರ ಬಾಯಿ ಮುಚ್ಚಿಸುವವರಿಗೆ ಇದು ಉತ್ತರ.

ಪೀಠದ ಬಳಿಯೇ ಏಕೆ?

ಈಗ ಆ ಒಂದೇ ಒಂದು ಹೆಸರಿನ ವಿಷಯಕ್ಕೆ ಬರೋಣ. ಸ್ಮರಣೆಯ ಕೊನೆಯಲ್ಲಿ ಅಗಸ್ಟೀನರು ತಾಯಿಯ ಒಳ್ಳೆಯ ಕಾರ್ಯಗಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಿ, ಅವನ್ನು ಸ್ವಲ್ಪ ಬದಿಗಿಟ್ಟು, ತಾಯಿಯ ಪಾಪಗಳ ಕ್ಷಮೆಗಾಗಿ ಬೇಡುತ್ತಾರೆ. ದೇವರು ಈಗಾಗಲೇ ಕ್ಷಮಿಸಿದ್ದಾರೆಂದು ನಂಬಿಯೂ ಬೇಡುತ್ತಾರೆ. ಅದಾದ ಮೇಲೆ ತಮ್ಮ ಗ್ರಂಥ ಓದುವವರೆಲ್ಲರೂ ಮೋನಿಕಾ ಮತ್ತು ಪ್ಯಾಟ್ರಿಷಿಯಸ್‌ರನ್ನು ಪೀಠದ ಬಳಿ ನೆನೆಯಬೇಕೆಂದು ಕೋರುತ್ತಾರೆ. ತಾಯಿಯ ಹೆಸರು ಬರುವುದು ಅಲ್ಲಿ ಮಾತ್ರ. ನಾವು ಪೂಜೆಗೆ ಹೆಸರು ಬರೆಸುತ್ತೇವಲ್ಲವೇ, ಹಾಗೆ! ಹೊಗಳಲು ಆ ಹೆಸರು ಬೇಕಾಗಲಿಲ್ಲ, ಪ್ರಾರ್ಥಿಸಲು ಬೇಕಾಯಿತು.

ಅಗಲಿದವರಿಗಾಗಿ ಪ್ರಾರ್ಥಿಸುವುದು ಧರ್ಮಸಭೆಯ ಪುರಾತನ ನಂಬಿಕೆ. ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ, ಯುದ್ಧದಲ್ಲಿ ಮಡಿದವರ ಅಂಗಿಗಳೊಳಗೆ ವಿಗ್ರಹಗಳ ತಾಯಿತ ಸಿಗುತ್ತದೆ. ಯೂದನು ಆ ತಪ್ಪನ್ನು ಮುಚ್ಚಿಡಲೂ ಇಲ್ಲ, ಅವರು ಹಾಳಾದರೆಂದು ಕೈಬಿಡಲೂ ಇಲ್ಲ. ಹಣ ಕೂಡಿಸಿ ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದನು. ದೇವರ ಕೃಪೆಯಲ್ಲಿ ಸತ್ತರೂ ಪೂರ್ಣ ಪರಿಶುದ್ಧರಾಗದವರು ಶುದ್ಧೀಕರಣ ಹೊಂದಿಯೇ ಸ್ವರ್ಗ ಪ್ರವೇಶಿಸುತ್ತಾರೆ, ನಮ್ಮ ಪ್ರಾರ್ಥನೆ, ವಿಶೇಷವಾಗಿ ಬಲಿಪೂಜೆ, ಅವರಿಗೆ ನೆರವಾಗುತ್ತದೆ ಎಂಬುದು ಧರ್ಮಸಭೆಯ ಬೋಧನೆ. ಆದ್ದರಿಂದಲೇ ಎಲ್ಲ ಪೂಜೆಗಳಲ್ಲೂ ಅಗಲಿದವರ ಸ್ಮರಣೆಯಿದೆ. ಸುಮಾರು 998ರಲ್ಲಿ ಕ್ಲೂನಿ ಮಠದ ಸಂತ ಒಡಿಲೋ ತಮ್ಮ ಮಠಗಳಲ್ಲಿ ಆರಂಭಿಸಿದ ನವೆಂಬರ್ 2ರ ಆಚರಣೆ ಇಂದು ಇಡೀ ಧರ್ಮಸಭೆಯದಾಗಿದೆ.

ಅಂತ್ಯಕ್ರಿಯೆಯ ಪೂಜೆಯಲ್ಲಿ ಪ್ರಬೋಧನೆ ಚಿಕ್ಕದಾಗಿರಲಿ, ಅದು ಸತ್ತವರ ಗುಣಗಾನವಾಗದಿರಲಿ ಎಂದು ರೋಮನ್ ಪೂಜಾಗ್ರಂಥದ ಸಾಮಾನ್ಯ ನಿಯಮಾವಳಿಯ 382ನೆಯ ವಿಧಿ ಹೇಳುತ್ತದೆ. ಇದು ಕಠಿಣವೆಂದು ಕೆಲವು ಮನೆಯವರು ಬೇಸರಪಡುತ್ತಾರೆ. ಆದರೆ ಇದರಲ್ಲಿ ದೊಡ್ಡ ಕರುಣೆಯಿದೆ. ಅಮ್ಮ ಈಗಾಗಲೇ ಸಂತರಾದರೆಂದು ನಾವು ಸಾರಿಬಿಟ್ಟರೆ, ಮರುದಿನದಿಂದ ಅವರಿಗಾಗಿ ಯಾರೂ ಪ್ರಾರ್ಥಿಸುವುದಿಲ್ಲ. ಅವರಿಂದ ನೊಂದವರು ಬಾಯಿಬಿಡಲಾರದೆ ಇನ್ನಷ್ಟು ನೋಯುತ್ತಾರೆ. ಹೊಗಳಿಕೆಯಲ್ಲಿ ಅಮ್ಮನ ಅರ್ಧಕ್ಕೆ ಮಾತ್ರ ಜಾಗ. ಪೀಠದ ಮೇಲೆ ಪೂರ್ತಿ ಅಮ್ಮನಿಗೆ ಜಾಗವಿದೆ.

ನಾವು ಏನು ಮಾಡಬಹುದು?

ಮೊದಲನೆಯದಾಗಿ, ತಾಯಿ ಬದುಕಿರುವಾಗಲೇ ಅವರ ಕಥೆ ಕೇಳಿ. ಮೋನಿಕಮ್ಮ ಮಗನಿಗೆ ತಮ್ಮ ಬಾಲ್ಯ ಹೇಳಿದ್ದರಿಂದಲ್ಲವೇ ನಮಗೆ ತಿಳಿದದ್ದು? ಎರಡನೆಯದಾಗಿ, ಏಳನೆಯ ದಿನ, ತಿಂಗಳು, ವರ್ಷದ ಪೂಜೆಗಳಲ್ಲಿ ಊಟದ ಏರ್ಪಾಡಿಗಿಂತ ಹೆಚ್ಚಿನ ಗಮನ ಪಾಪನಿವೇದನೆಗೂ ಪರಮಪ್ರಸಾದಕ್ಕೂ ಇರಲಿ. ಮೂರನೆಯದಾಗಿ, ನವೆಂಬರ್ 1ರಿಂದ 8ರವರೆಗೆ ಸಮಾಧಿ ಭೂಮಿಗೆ ಹೋಗಿ ಅಗಲಿದವರಿಗಾಗಿ ಪ್ರಾರ್ಥಿಸಿ, ನಿಗದಿಯಾದ ನಿಯಮಗಳನ್ನು ಪಾಲಿಸಿದರೆ, ಪೂರ್ಣ ಇಂಡಲ್ಜೆನ್ಸಿನ ಫಲವನ್ನು ಅವರಿಗೆ ಅರ್ಪಿಸಬಹುದು. ನಾಲ್ಕನೆಯದಾಗಿ, ತಾಯಿಯಿಂದ ನಿಮಗೆ ನೋವಾಗಿದ್ದರೆ ಅದನ್ನೂ ಪೂಜೆಗೆ ತನ್ನಿ. ಕ್ಷಮಿಸುವುದೂ ಅಗಲಿದವರಿಗೆ ನಾವು ಸಲ್ಲಿಸುವ ಸೇವೆಯೇ.

1945ರಲ್ಲಿ ಒಸ್ತಿಯಾದ ಸಂತ ಔರೆಯಾ ದೇವಾಲಯದ ಪಕ್ಕದ ಅಂಗಳದಲ್ಲಿ ಇಬ್ಬರು ಹುಡುಗರು ಆಟದ ಕಂಬ ನೆಡಲು ಗುಂಡಿ ತೋಡಿದಾಗ ಅಮೃತಶಿಲೆಯ ತುಂಡೊಂದು ಸಿಕ್ಕಿತು. ಅದು ಮೋನಿಕಮ್ಮನವರ ಸಮಾಧಿ ಲೇಖನದ ಭಾಗವಾಗಿತ್ತು. ಕಲ್ಲು ಒಡೆದು ಮಣ್ಣಿನಡಿ ಹೂತುಹೋಗಿತ್ತು. ಆದರೆ ಅವರು ಕೇಳಿದ್ದ ನೆನಪು ಕಲ್ಲಿನಲ್ಲಿರಲಿಲ್ಲ, ಪೀಠದ ಬಳಿ ಅದು ಒಂದು ದಿನವೂ ಹೂತುಹೋಗಲಿಲ್ಲ.

ಆ ತಾಯಿಯ ವರ್ಷದ ಪೂಜೆಗೂ ಹೆಸರು ಬರೆಸಿದವರು ಅದೇ ಸೊಸೆ. ಈ ಸಲ ನನ್ನ ಬಳಿ ಉತ್ತರವಿತ್ತು. "ಅಮ್ಮಾ, ಆ ಎರಡನ್ನೂ ಎಲ್ಲಿ ಇಟ್ಟುಕೊಳ್ಳಲಿ ಎಂದು ಕೇಳಿದ್ದಿರಿ. ರೊಟ್ಟಿ, ದ್ರಾಕ್ಷಾರಸದ ಜೊತೆ ಪೀಠದ ಮೇಲೆ ಇಡಿ" ಎಂದೆ. ಅಂದು ಕಾಣಿಕೆಯ ಮೆರವಣಿಗೆಯಲ್ಲಿ ಅವರೇ ರೊಟ್ಟಿಯ ತಟ್ಟೆ ಹಿಡಿದು ಬಂದರು. ಅವರ ಹಿಂದೆ ದ್ರಾಕ್ಷಾರಸ ಹಿಡಿದು ಹಿರಿಯ ಮಗ. ಪ್ರಬೋಧನೆಯಲ್ಲಿ ನಾನು ಗುಣಗಾನ ಮಾಡಲಿಲ್ಲ. ಆ ತಾಯಿಯ ಹೆಸರು ಹೇಳಿ, ಎಲ್ಲರೂ ಒಂದು ನಿಮಿಷ ಮೌನವಾಗಿ ಪ್ರಾರ್ಥಿಸಿರಿ ಎಂದೆ. ಎಡಗಡೆಯ ಮೂರನೆಯ ಬೆಂಚಿನ ತುದಿಯಲ್ಲಿ ಅವರ ಮೊಮ್ಮಗಳು ಕೂತಿದ್ದಳು.

ಪ್ರಿಯರೇ, ಈ ಹಬ್ಬದಂದು ನಮ್ಮ ನಮ್ಮ ತಾಯಂದಿರನ್ನು, ಇರುವವರನ್ನೂ ಅಗಲಿದವರನ್ನೂ, ಪ್ರಭುವಿನ ಪೀಠದ ಬಳಿ ಹೆಸರು ಹಿಡಿದು ನೆನೆಯೋಣ. ಸಂತ ಮೋನಿಕಮ್ಮನವರೇ, ನಮ್ಮ ಮನೆಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.